ಕೈಯಲ್ಲಿ ಬಡಿದ ಹಳೆ ತಲವಾರ ಕೊಳ್ಳೋದು, ಮಾರೋದು: ಬೀದರ್ ಕಡೆಯವರು ಸ್ವಲ್ಪ ಹೇಳಿ

ಚೌಬಾರಾ ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಮಾರೋದಿದೆ, ಒಂದು ಕೊಳ್ಳೋದಿದೆ.

ಮಾರೋದು ಲಾರಿ ಕಮಾನ್ ಪಟ್ಟಿಯಿಂದ ಬಡಿದ ತಲವಾರ. ಹುಮನಾಬಾದ್ ಕಡೆಯ ಕಮ್ಮಾರರೊಬ್ಬರು ಮಾಡಿಕೊಟ್ಟಿದ್ದು. ಅಲಗು 28 ಇಂಚು, ಒಟ್ಟು ತೂಕ 1 ಕೆಜಿ 150 ಗ್ರಾಂ. ಶೀಸಂ ಹಿಡಿ, ಹಿತ್ತಾಳೆ ಅಡ್ಡಪಟ್ಟಿ, ಚರ್ಮದ ಒರೆ. ಸಾಣೆ ಹಿಡಿಸಿಲ್ಲ, ಬಾಯಿ ಮೊಂಡಾಗಿಯೇ ಇದೆ. ಅಣ್ಣನ ಮದುವೆಯಲ್ಲಿ ಕೈಯಲ್ಲಿ ಹಿಡಿಯೋಕೆ ಅಂತ ಮಾಡಿಸಿದ್ದು. ಈಗ ಸಣ್ಣ ಮನೆಗೆ ಹೋಗುತ್ತಿದ್ದೇವೆ, ಇಡೋಕೆ ಜಾಗ ಇಲ್ಲ. ಎಷ್ಟು ಕೇಳಬಹುದು?

ಕೊಳ್ಳೋದು ನಿಜವಾದ ಹಳೆ ತಲವಾರ. ಸುರಪುರ ಹತ್ತಿರದ ಒಬ್ಬರು ₹45,000ಕ್ಕೆ ಕೊಡುತ್ತೇನೆ ಅಂದಿದ್ದಾರೆ. ಸುರಪುರದ ರಾಜರಾಗಿದ್ದ ನಾಯಕರ ಕಾಲದ್ದು, 1857ರ ದಂಗೆಯಲ್ಲಿ ಬಳಸಿದ್ದು, ಹಳೆ ಮನೆ ಗೋಡೆ ಕೆಡವುವಾಗ ಸಿಕ್ಕಿದ್ದು ಅಂತ ಹೇಳುತ್ತಾರೆ. ಫೋಟೋ ನೋಡಿದೆ. ಹಿಡಿಯ ತುದಿಯಲ್ಲಿ ದುಂಡನೆ ಬಿಲ್ಲೆ ಇದೆ. ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ ಇದೆ. ಹಿಡಿ ಸ್ವಲ್ಪ ಅಲ್ಲಾಡುತ್ತದಂತೆ. ತಗೊಳ್ಳಲಾ, ಬಿಡಲಾ?

ಭಾಲ್ಕಿ ಕಾಕಾ:
ತಮ್ಮಾ, ₹45,000ಕ್ಕೆ ಒಂದು ಒಳ್ಳೆ ಆಕಳು ಬರುತ್ತದೆ. ಹಾಲಾದರೂ ಕೊಡುತ್ತದೆ.

ಕುಲುಮೆ ಮನೆಯವ:
ಮೊದಲು ನಿನ್ನ ಕಮಾನ್ ಪಟ್ಟಿ ವಿಷಯ ಹೇಳುತ್ತೇನೆ, ಅದು ನಮ್ಮ ಮನೆ ಕೆಲಸ.

ಕಮಾನ್ ಪಟ್ಟಿ ಒಳ್ಳೆ ಉಕ್ಕು. ಬಾಗಿ ಮತ್ತೆ ನೇರ ಆಗಲಿ ಅಂತಲೇ ಮಾಡಿದ್ದು. ಆದರೆ ಹಳೆ ಪಟ್ಟಿ ಆದರೆ ಅದು ಎಷ್ಟೋ ವರ್ಷ ಲೋಡ್ ಹೊತ್ತು ಗುಂಡಿ ಹಾರಿ ಬಂದಿರುತ್ತದೆ. ಕಣ್ಣಿಗೆ ಕಾಣದ ಸಣ್ಣ ಬಿರುಕು ಒಳಗೇ ಇರಬಹುದು. ತಿಳಿದ ಕಮ್ಮಾರ ಬೋಲ್ಟಿನ ತೂತಿನ ಹತ್ತಿರದ ಭಾಗ ಬಿಟ್ಟು ಉಳಿದದ್ದನ್ನು ತಗೊಳ್ಳುತ್ತಾನೆ. ಹೊಸ ಪಟ್ಟಿ ತಂದು ಮಾಡಿದ್ದಾ, ಹಳೇದಾ ಅಂತ ಕೇಳಿ ಇಟ್ಟುಕೋ. ಕೊಳ್ಳುವವನು ಅದನ್ನೇ ಕೇಳುತ್ತಾನೆ.

ಆಮೇಲೆ ಹದ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಮುಳುಗಿಸಿ, ಮತ್ತೆ ಸಣ್ಣ ಶಾಖದಲ್ಲಿ ಇಳಿಸಿದರೆ ಅಲಗಿಗೆ ಗಟ್ಟಿತನವೂ ಬರುತ್ತದೆ, ಬಾಗುವ ಗುಣವೂ ಬರುತ್ತದೆ. ಬಹಳ ಜನ ಮುಳುಗಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಅಂಥದ್ದು ಗಾಜಿನ ತರ, ಕಲ್ಲಿಗೆ ತಾಗಿದರೆ ಎರಡು ತುಂಡು. ಇನ್ನು ಕೆಲವರು ಹದವನ್ನೇ ಹಾಕೋದಿಲ್ಲ, ಸುಮ್ನೆ ಆಕಾರ ಕೊಟ್ಟು ಪಾಲಿಶ್ ಮಾಡಿ ಕೊಡುತ್ತಾರೆ. ಮನೆಯಲ್ಲೇ ನೋಡಬಹುದು. ಹೊಸ ಅರ ತಂದು ಬಾಯಿಯ ಹತ್ತಿರ, ಕಾಣದ ಕಡೆ ಮೆಲ್ಲಗೆ ಎಳೆ. ಅರ ಜಾರಿದರೆ ಗಟ್ಟಿ ಇದೆ. ಸಲೀಸಾಗಿ ಕಚ್ಚಿ ಪುಡಿ ಉದುರಿದರೆ ಮೆತ್ತಗಿದೆ.

ಇನ್ನೊಂದು. ಅಲಗಿನ ಮೇಲೆ ಎಲ್ಲಾದರೂ ನೀಲಿ ಬಣ್ಣದ ಮಚ್ಚೆ ಇದೆಯಾ ನೋಡು. ಹದ ಆದ ಮೇಲೆ ಗ್ರೈಂಡರ್ ಒತ್ತಿ ಹಿಡಿದರೆ ಅಲ್ಲಿ 300 ಡಿಗ್ರಿ ಹತ್ತಿರ ಬಿಸಿ ಏರಿ ನೀಲಿ ಆಗುತ್ತದೆ. ಅಷ್ಟು ಜಾಗದ ಹದ ಇಳಿದಿರುತ್ತದೆ.

ಹಿಡಿಯೊಳಗೆ ಏನಿದೆ ಅನ್ನೋದೇ ನನಗೆ ದೊಡ್ಡ ಪ್ರಶ್ನೆ. ಅಲಗಿನ ಬಾಲ ಒಂದೇ ಉಕ್ಕಿನಲ್ಲಿ ಹಿಡಿಯ ಕೊನೆತನಕ ಹೋಗಿದೆಯಾ? ಇಲ್ಲ, ಒಂದು ಬೋಲ್ಟ್ ರಾಡ್ ತಂದು ವೆಲ್ಡ್ ಹೊಡೆದಿದ್ದಾರಾ? ವೆಲ್ಡ್ ಆದರೆ ಬೀಸಿದ ದಿನ ಅಲಗು ಹಾರಿ ಹೋಗುತ್ತದೆ, ಎದುರಿಗೆ ಯಾರಿರುತ್ತಾರೋ ದೇವರಿಗೇ ಗೊತ್ತು. ಹಿಡಿ ಸಡಿಲ ಹಿಡಿದು ಅಲಗಿಗೆ ಬೆರಳಿನಿಂದ ತಟ್ಟು. ಒಂದೇ ಸಮ ಟಣ್ ಅಂದರೆ ಸರಿ. ಗರಗರ ಅಂದರೆ ಒಳಗೆ ಏನೋ ಸಡಿಲ ಇದೆ.

ಬೆಲೆ? ನಮ್ಮ ಕಡೆ ಕೂಲಿ ಮತ್ತು ಪಟ್ಟಿ ಲೆಕ್ಕ ಹಾಕಿ ಮಾಡಿಸುತ್ತಾರೆ. ಮಾರುವಾಗ ಮಾಡಿಸಿದ ದುಡ್ಡಿನ ಅರ್ಧ ಬಂದರೆ ಚೆನ್ನಾಗಿ ಬಂತು ಅನ್ನು. ಹೆಸರಾದ ಕಮ್ಮಾರನ ಗುರುತು ಇದ್ದರೆ ಮಾತು ಬೇರೆ.

ಹುಮನಾಬಾದ್ ಪ್ಯಾಸೆಂಜರ್:
ಅರ್ಧ ಯಾಕೆ? ಆಯುಧ ಪೂಜೆ ಹತ್ತಿರ ಹಾಕು, ತಗೊಳ್ಳೋರು ಬಹಳ ಇರುತ್ತಾರೆ. ವೀರಭದ್ರ ದೇವರ ಮುಂದೆ ಕತ್ತಿ ಹಿಡಿದು ಕುಣಿಯುವ ಪುರವಂತರು, ನಾಟಕದ ಕಂಪನಿಯವರು ಕೇಳುತ್ತಾರೆ. ಮೊಂಡು ಬಾಯಿ ಇರೋದು ಅವರಿಗೆ ಒಳ್ಳೇದೇ.

ಕುಲುಮೆ ಮನೆಯವ:
ಪುರವಂತರು ತಮ್ಮ ಶಸ್ತ್ರ ಮನೆತನದಿಂದ ಬಂದದ್ದು ಹಿಡಿಯುತ್ತಾರೆ, ಸೆಕೆಂಡ್‌ಹ್ಯಾಂಡ್ ಹುಡುಕೋದಿಲ್ಲ ತಮ್ಮಾ. ನಾಟಕದವರಿಗೆ ಹಗುರ ಬೇಕು. 1 ಕೆಜಿ 150 ಗ್ರಾಂ ಹಿಡಿದು ಮೂರು ತಾಸು ಯಾರು ನಿಲ್ಲುತ್ತಾರೆ?

ಅರಗು ಬಿಲ್ಲೆ:
ನಾನು ಮೂಲ ಚಿಟಗುಪ್ಪದವನು, ಈಗ ಹೈದರಾಬಾದಿನಲ್ಲಿದ್ದೇನೆ. ಜುಮ್ಮೇರಾತ್ ಬಜಾರ್‌ನಲ್ಲಿ ಹಳೆ ಸಾಮಾನು ನೋಡೋ ಚಟ ಇದೆ, ಸಾಲಾರ್ ಜಂಗ್ ಮ್ಯೂಸಿಯಂನ ಆಯುಧ ಗ್ಯಾಲರಿಗೂ ಬಿಡುವಾದಾಗ ಹೋಗುತ್ತೇನೆ. ಎರಡನೇ ತಲವಾರದ ಬಗ್ಗೆ ಬರೆಯುತ್ತೇನೆ, ಉದ್ದ ಆಗುತ್ತದೆ.

ಹಿಡಿ ಅಲ್ಲಾಡೋದು ಕೆಟ್ಟ ಸುದ್ದಿ ಅಲ್ಲ. ನಮ್ಮ ದೇಶದ ತಲವಾರದ ಹಿಡಿ ಉಕ್ಕಿನದ್ದು, ಒಳಗೆ ಟೊಳ್ಳು. ಅದರೊಳಗೆ ಬಿಸಿ ಅರಗು ತುಂಬಿ ಅಲಗಿನ ಬಾಲವನ್ನು ಒತ್ತಿ ಕೂರಿಸುತ್ತಿದ್ದರು. ಹಳೇದಾದಾಗ ಅರಗು ಒಣಗಿ ಪುಡಿಯಾಗುತ್ತದೆ, ಹಿಡಿ ಅಲ್ಲಾಡುತ್ತದೆ. ಅಂದರೆ ಅಲ್ಲಾಡುವ ಹಿಡಿ ಹಳೇದರ ಒಂದು ಲಕ್ಷಣ. ಆದರೆ ಅದೊಂದನ್ನೇ ನಂಬಬೇಡಿ, ಈಗ ಮಾಡಿದ್ದನ್ನೂ ಅರಗಿನಲ್ಲೇ ಕೂರಿಸುತ್ತಾರೆ. ಹಿಡಿ ಸಣ್ಣದು ಅನಿಸಿದರೆ ಗಾಬರಿ ಬೇಡ. ಹಳೆ ತಲವಾರದ ಹಿಡಿ ಅಂಗೈಗೆ ಬಿಗಿಯಾಗಿಯೇ ಕೂರುತ್ತದೆ. ಧಾರಾಳ ಜಾಗ ಇರೋ ಹಿಡಿ ಕಂಡರೆ ನನಗೆ ಅನುಮಾನ ಜಾಸ್ತಿ.

ನೀರಿನ ಅಲೆ ಗೆರೆಗೆ ಬರೋಣ. ಆ ಗೆರೆ ಬರೋದು ಮೂಸೆ ಉಕ್ಕಿನಲ್ಲಿ, ಅಂದರೆ ಮಣ್ಣಿನ ಕುಡಿಕೆಯಲ್ಲಿ ಕರಗಿಸಿ ಮಾಡಿದ ಉಕ್ಕಿನಲ್ಲಿ. ನಿಜವಾದದ್ದರಲ್ಲಿ ಕಾರ್ಬನ್ ಜಾಸ್ತಿ, ಸುಮಾರು ಶೇ 1.5ರ ಆಸುಪಾಸು. ಆರುವಾಗ ಒಳಗೆ ಗಟ್ಟಿ ಕಣಗಳು ಸಾಲಾಗಿ ನಿಲ್ಲುತ್ತವೆ, ಬಡಿದು ಆಮ್ಲ ಸವರಿದಾಗ ಅವೇ ಗೆರೆಯಾಗಿ ಕಾಣುತ್ತವೆ. ಈ ಉಕ್ಕು ನಮ್ಮ ನೆರೆಯದ್ದೇ. ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದರು, ಪರ್ಷಿಯಾದ ವ್ಯಾಪಾರಿಗಳು ಅಲ್ಲಿಗೇ ಬಂದು ಕೊಳ್ಳುತ್ತಿದ್ದರು. ಅಂಥ ಅಲಗು ನಿಜವಾಗಿ ಸಿಕ್ಕರೆ ₹45,000 ಕಡಿಮೆಯೇ.

ಆದರೆ ಸಿಗೋದು ಹೆಚ್ಚಾಗಿ ಇನ್ನೆರಡು ಬಗೆ. ಒಂದು, ಎರಡು ತರದ ಉಕ್ಕು ಪದರ ಪದರ ಬಡಿದು ಮಾಡಿದ ಇತ್ತೀಚಿನದ್ದು. ಅದೂ ಕೈಕೆಲಸವೇ, ಚೆನ್ನಾಗಿಯೇ ಇರುತ್ತದೆ, ಆದರೆ ಹಳೇದಲ್ಲ. ಇನ್ನೊಂದು ಪಕ್ಕಾ ಮೋಸ. ಸಾದಾ ಉಕ್ಕಿನ ಮೇಲೆ ಆಮ್ಲದಿಂದ ಚಿತ್ರ ಬರೆದದ್ದು. ಅಲಗಿನ ಬೆನ್ನಿನ ಫೋಟೋ ಕೇಳಿ. ಗೆರೆ ಉಕ್ಕಿನೊಳಗಿನದ್ದಾದರೆ ಬೆನ್ನಿನ ಮೇಲೂ ಇರುತ್ತದೆ. ಮೇಲೆ ಬರೆದದ್ದಾದರೆ ಅಂಚಿಗೆ ಬಂದು ನಿಂತುಬಿಡುತ್ತದೆ, ಇಲ್ಲವೇ ಸೀರೆಯ ಬ್ಲಾಕ್ ಪ್ರಿಂಟ್ ತರ ಅದೇ ವಿನ್ಯಾಸ ಮತ್ತೆ ಮತ್ತೆ ಬರುತ್ತದೆ.

ಅಲಗಿನ ಉದ್ದಕ್ಕೂ ಇರುವ ಕಾಲುವೆ ರಕ್ತ ಹರಿಯೋಕೆ ಅಂತ ಮಾರುವವರು ಹೇಳುತ್ತಾರೆ. ತೂಕ ಇಳಿಸೋಕೆ ಇರೋದು ಅದು. ಹೀಗೆ ಹೇಳುವವರ ಉಳಿದ ಮಾತನ್ನೂ ನಾನು ಅರ್ಧವೇ ನಂಬುತ್ತೇನೆ.

ಚೌಬಾರಾ ಹುಡುಗ:
ಅಣ್ಣಾ, ಬೆನ್ನಿನ ಫೋಟೋ ಕೇಳಿದ್ದೇನೆ. ಅಲಗಿನ ಮೇಲೆ ಓಡುವ ಪ್ರಾಣಿಯಂಥ ಒಂದು ಗುರುತೂ ಇದೆ ಅಂದರು.

ಅರಗು ಬಿಲ್ಲೆ:
ಹಾಗಾದರೆ ಮಾತು ಇನ್ನೂ ಬಿಗಿಯಾಯಿತು. ಓಡುವ ತೋಳ ಜರ್ಮನಿಯ ಪಸಾವು, ಜೋಲಿಂಗೆನ್ ಊರುಗಳ ಗುರುತು. ದಖ್ಖನ್‌ನಲ್ಲಿ ಯುರೋಪಿನ ಅಲಗು ತರಿಸಿ ಇಲ್ಲಿಯ ಹಿಡಿ ಹಾಕುತ್ತಿದ್ದರು, ಫಿರಂಗಿ ಅನ್ನೋದು ಅದನ್ನೇ. ಆದರೆ ಆ ಅಲಗು ಹೆಚ್ಚಾಗಿ ನೇರ, ಮತ್ತು ಯುರೋಪಿನ ಉಕ್ಕಿನಲ್ಲಿ ಮೂಸೆ ಉಕ್ಕಿನ ಅಲೆ ಬರೋದಿಲ್ಲ. ತೋಳವೂ ಬೇಕು, ಅಲೆಯೂ ಬೇಕು ಅಂದರೆ ಒಂದೇ ಅಲಗಿನಲ್ಲಿ ಎರಡು ಕಥೆ. ತೋಳದ ಗುರುತನ್ನು ಆಗಿನ ಕಾಲದಲ್ಲೇ ಇಲ್ಲಿಯ ಕಮ್ಮಾರರು ನಕಲು ಮಾಡುತ್ತಿದ್ದರು ಅನ್ನೋದೂ ನಿಜ, ಹಾಗಾಗಿ ಗುರುತಿಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ರಂಗಂಪೇಟೆ ಟೀಚರ್:
ನಮ್ಮ ಊರಿನ ಹೆಸರು ಬಂತು ಅಂತ ಬರೆಯುತ್ತಿದ್ದೇನೆ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದಿದ್ದು, 1858ರ ಫೆಬ್ರವರಿಯಲ್ಲಿ ಇಲ್ಲಿ ಯುದ್ಧ ಆಗಿದ್ದು ಎಲ್ಲ ಇತಿಹಾಸವೇ. ಅದಕ್ಕೂ ಮೊದಲು 1705ರಲ್ಲಿ ವಾಗಿನಗೇರಿ ಕೋಟೆಯನ್ನು ಔರಂಗಜೇಬ್ ತಾನೇ ಬಂದು ಮುತ್ತಿದ್ದ. ಹೀಗಿರುವಾಗ ಈ ಸೀಮೆಯಲ್ಲಿ ಹಳೆ ಕತ್ತಿ ಇಲ್ಲ ಅಂತ ನಾನು ಹೇಳೋದಿಲ್ಲ.

ಆದರೆ ದಂಗೆ ಮುಗಿದ ಮೇಲೆ ಆಯುಧ ಇಟ್ಟುಕೊಂಡವರಿಗೆ ಏನಾಯಿತು ಅನ್ನೋದನ್ನೂ ನೆನಪಿಡಿ. 1857ರಲ್ಲಿ ಹಲಗಲಿ ಬೇಡರು ಎದ್ದಿದ್ದೇ ಆಯುಧ ಒಪ್ಪಿಸಿ ಅನ್ನೋ ಕಾಯ್ದೆಯ ವಿರುದ್ಧ. ಉಳಿದ ಕತ್ತಿಗಳಿಗೆ ಯಾರೂ ಚೀಟಿ ಬರೆದಿಟ್ಟಿಲ್ಲ. ನಮ್ಮ ಕಡೆ ಮಾರೋಕೆ ಬರುವ ಪ್ರತಿ ಕತ್ತಿಯೂ ನಾಯಕರದ್ದೇ, ಅಲ್ವಾ? ಅವರ ಸೈನ್ಯದ ಅಡುಗೆಯವನ ಚಾಕು ಅಂತ ಇದುವರೆಗೆ ಒಬ್ಬರೂ ಮಾರಿಲ್ಲ.

ಭಾಲ್ಕಿ ಕಾಕಾ:
ಟೀಚರಮ್ಮ ಸರಿಯಾಗಿ ಹೇಳಿದರು ನೋಡಿ. ನಮ್ಮ ಕಡೆ ಎಲ್ಲವೂ ಬಹಮನಿ ಸುಲ್ತಾನರದ್ದು. ಅವರ ಪ್ರಧಾನಿ ಮಹಮೂದ್ ಗವಾನರ ಕೈಯಲ್ಲಿದ್ದ ಕತ್ತಿ ನನಗೆ ಬಸ್‌ಸ್ಟ್ಯಾಂಡಿನಲ್ಲಿ ತೋರಿಸಿದ್ದಾರೆ, ಹಿಡಿಗೆ ಬಿದರಿ ಕೆಲಸ ಬೇರೆ!

ಅರಗು ಬಿಲ್ಲೆ:
ಕಾಕಾ, ಆ ಬಿದರಿ ವಿಷಯ ಒಳ್ಳೆ ನೆನಪು ಮಾಡಿದಿರಿ. ಬಿದರಿಯ ಮೂಲ ಲೋಹ ಸತು, ಸ್ವಲ್ಪ ತಾಮ್ರ. ಎರಕ ಹೊಯ್ಯೋದು. ಹೂಜಿ, ಹುಕ್ಕಾ ಬುಡಕ್ಕೆ ಚೆಂದ, ಅಲಗಿಗೆ ನಡೆಯೋದಿಲ್ಲ, ಹೊಡೆತಕ್ಕೆ ಒಡೆಯುತ್ತದೆ. ಪೂರ್ತಿ ಬಿದರಿ ಕತ್ತಿ ಅಂತ ಕಂಡರೆ ಅದು ಶೋಕೇಸಿನದ್ದು. ಬಿದರಿ ಹಿಡಿ ಕೊಳ್ಳುವುದಾದರೆ ಕಪ್ಪು ಬಣ್ಣವನ್ನು ಕಾಣದ ಕಡೆ ಉಗುರಿನಿಂದ ಕೆರೆದು ನೋಡಿ. ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿ ಬರಿಸಿದ ಕಪ್ಪು ಹೋಗೋದಿಲ್ಲ. ಪೇಂಟ್ ಆದರೆ ಏಳುತ್ತದೆ. ಹಳೆ ತಲವಾರದ ಉಕ್ಕಿನ ಹಿಡಿ ಮೇಲೆ ಕಾಣುವ ಬೆಳ್ಳಿ, ಚಿನ್ನದ ಕೆಲಸ ಕೋಫ್ತ್‌ಗರಿ, ಅದರ ದಾರಿಯೇ ಬೇರೆ. ಉಕ್ಕಿನ ಮೇಲೆ ಅಡ್ಡಾದಿಡ್ಡಿ ಗೀರಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಸವೆದ ಕಡೆ ಆ ಗೀರುಗಳು ಕಾಣಬೇಕು.

ಯಾದಗಿರಿ ಕರಿಕೋಟು:
ನಾನು ವಕೀಲ. ಎಲ್ಲರೂ ಉಕ್ಕಿನ ಮೇಲೇ ಮಾತಾಡುತ್ತಿದ್ದೀರಿ, ಕೋರ್ಟಿನ ಮಾತು ನಾನು ಹೇಳುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ 2016ರ ನಿಯಮಗಳು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಕತ್ತಿ, ಬಾಕು, ಭರ್ಜಿ ಎಲ್ಲ ಆಯುಧದ ಪಟ್ಟಿಯಲ್ಲಿ ಬರುತ್ತವೆ. ಮನೆ, ಹೊಲ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದವು ಹೊರಗೆ, ಅದಕ್ಕೇ ನಿಮ್ಮ ಕುಡಗೋಲಿಗೆ ಭಯ ಇಲ್ಲ. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಇಂಥ ಆಯುಧ ಮನೆಯಲ್ಲಿ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕು. ಅಲ್ಲಿ ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 25ನೇ ಸೆಕ್ಷನ್, 1ರಿಂದ 3 ವರ್ಷ ಜೈಲು. ಹಾಗಾಗಿ ಕೊಳ್ಳೋ ಮೊದಲು ಡಿಸಿ ಕಚೇರಿಯ ಶಸ್ತ್ರಾಸ್ತ್ರ ಲೈಸೆನ್ಸ್ ವಿಭಾಗಕ್ಕೆ ಒಂದು ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಬಾಯಿಮಾತು ಬೇಡ.

ಮನೆಯ ಗೋಡೆ ಮೇಲೆ ಇರೋದು ಒಂದು, ಬೀದಿಗೆ ತರೋದು ಇನ್ನೊಂದು. ಹಬ್ಬ, ಚುನಾವಣೆ, ಗಲಾಟೆ ಸಮಯದಲ್ಲಿ ನಿಷೇಧಾಜ್ಞೆ ಹಾಕುತ್ತಾರೆ. ಮೊದಲು 144 ಅನ್ನುತ್ತಿದ್ದೆವು, 2024ರ ಜುಲೈನಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಆಗ ಕತ್ತಿ ಹಿಡಿದು ಹೊರಗೆ ಬಂದರೆ ಮದುವೆ, ಮೆರವಣಿಗೆ ಯಾವ ಕಾರಣವೂ ನಿಲ್ಲೋದಿಲ್ಲ. ತಲವಾರದಿಂದ ಬರ್ತ್‌ಡೇ ಕೇಕ್ ಕತ್ತರಿಸಿ ರೀಲ್ಸ್ ಹಾಕಿದ ಹುಡುಗರು ಸ್ಟೇಷನ್ನಿನಲ್ಲಿ ಕೂತಿದ್ದನ್ನು ನೋಡಿದ್ದೇನೆ.

ಈಗ ಹಳೇದರ ವಿಷಯ. 100 ವರ್ಷ ದಾಟಿದ್ದರೆ ಅದು ಪ್ರಾಚ್ಯವಸ್ತು, 1972ರ ಕಾಯ್ದೆ. ದೇಶದ ಹೊರಗೆ ಕಳಿಸುವಂತಿಲ್ಲ. ಪ್ರಾಚ್ಯವಸ್ತು ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ದುಬೈ ಗಿರಾಕಿ ಇದ್ದಾನೆ ಅಂತ ಯಾರಾದರೂ ಹೇಳಿದರೆ ಅಲ್ಲೇ ಕೈ ಮುಗಿದು ಬನ್ನಿ.

ಇನ್ನು ಗೋಡೆ ಕೆಡವುವಾಗ ಸಿಕ್ಕಿತು ಅನ್ನೋ ಮಾತು. ಮಾರುವವರು ಇದನ್ನು ಬೆಲೆ ಏರಿಸೋಕೆ ಹೇಳುತ್ತಾರೆ. ನಿಧಿ ಅಂದರೆ ನೆಲದೊಳಗೆ, ಅಥವಾ ನೆಲಕ್ಕೆ ಸೇರಿದ ಯಾವುದರೊಳಗಾದರೂ ಅಡಗಿರುವ ಬೆಲೆಯುಳ್ಳ ವಸ್ತು ಅಂತ 1878ರ ಕೇಂದ್ರ ಕಾಯ್ದೆ ಹೇಳುತ್ತದೆ. ಗೋಡೆ ನೆಲಕ್ಕೆ ಸೇರಿದ್ದೇ ಅಲ್ವಾ? ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ, ಸಿಕ್ಕವರು ಡಿಸಿಗೆ ತಿಳಿಸಬೇಕು. ತಿಳಿಸಿದ ಕಾಗದ ಇದೆಯಾ ಕೇಳಿ. ಇಲ್ಲದಿದ್ದರೆ ಆ ಕಥೆ ನಿಜವಾದರೂ ತೊಂದರೆ, ಸುಳ್ಳಾದರೂ ತೊಂದರೆ. ನಿಜವಾದರೆ ಕೇಸು ನಿಮ್ಮ ಮನೆಗೂ ಬರುತ್ತದೆ, ಸುಳ್ಳಾದರೆ ₹45,000 ಹೋಗುತ್ತದೆ.

ಝೀರಾ ಗಲ್ಲಿ:
ವಕೀಲ ಸಾಹೇಬರಿಗೆ ಒಂದು ಸೇರಿಸುತ್ತೇನೆ. ಸಿಖ್ಖರು ಕಿರ್ಪಾನ್, ಅಂದರೆ ಅವರ ಧರ್ಮದ ಕತ್ತಿ, ಧರಿಸೋದು ಸಂವಿಧಾನದ 25ನೇ ವಿಧಿಯಲ್ಲೇ ಬರೆದಿದೆ. ಗುರು ಗೋಬಿಂದ್ ಸಿಂಗರ ಮೊದಲ ಐವರು ಖಾಲ್ಸಾಗಳಾದ ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಹಾಗಾಗಿ ಇಲ್ಲಿ ಇದು ದೂರದ ಮಾತಲ್ಲ. ಆದರೆ ಅದು ಧರ್ಮದ ಆಚರಣೆ. ಗುರುದ್ವಾರದ ಹತ್ತಿರ ಕಿರ್ಪಾನ್ ಕಂಡೆ, ಹಾಗಾದರೆ ನಾನೂ ತಲವಾರ ತಂದು ಮಾರಬಹುದು ಅಂತ ಕೆಲವರು ಲೆಕ್ಕ ಹಾಕುತ್ತಾರೆ. ದಯವಿಟ್ಟು ಎರಡನ್ನೂ ಬೆರೆಸಬೇಡಿ.

ಆಳಂದ ಸಮುರಾಯ್:
ಹೆಸರು ನೋಡಿ ನಗಬೇಡಿ, ಪುಣೆಯಲ್ಲಿ ಜಪಾನಿ ಕತ್ತಿವರಸೆ ಕಲಿಯುತ್ತೇನೆ. ಅಲ್ಲಿ ಸೆಕೆಂಡ್‌ಹ್ಯಾಂಡ್ ಕತ್ತಿ ಹೇಗೆ ನೋಡುತ್ತಾರೆ ಅಂತ ಹೇಳಿದರೆ ನಮಗೂ ಉಪಯೋಗ.

ಜಪಾನಿ ಕತ್ತಿಯ ಹಿಡಿಯನ್ನು ಒಂದು ಬಿದಿರಿನ ಮೊಳೆ ಹಿಡಿದಿರುತ್ತದೆ. ಅದನ್ನು ತಟ್ಟಿ ತೆಗೆದರೆ ಹಿಡಿ ಕಳಚುತ್ತದೆ, ಒಳಗಿನ ಬಾಲ ಕಾಣುತ್ತದೆ. ಕಮ್ಮಾರ ತನ್ನ ಹೆಸರು ಕೊರೆಯೋದು ಆ ಬಾಲದ ಮೇಲೆ. ಬಾಲದ ತುಕ್ಕನ್ನು ಯಾರೂ ಉಜ್ಜೋದಿಲ್ಲ, ಆ ತುಕ್ಕಿನ ಬಣ್ಣ ನೋಡಿಯೇ ವಯಸ್ಸು ಅಂದಾಜು ಮಾಡುತ್ತಾರೆ. ಉಜ್ಜಿದರೆ ಬೆಲೆ ಬಿತ್ತು. ಜಪಾನಿನಲ್ಲಿ ಪ್ರತಿ ಅಸಲಿ ಕತ್ತಿಗೂ ನೋಂದಣಿ ಕಾರ್ಡ್ ಇರಬೇಕು, ಕತ್ತಿಯ ಜೊತೆಗೇ ಅದೂ ಕೈ ಬದಲಾಗುತ್ತದೆ. ಹಳೇದಕ್ಕೆ ಎನ್‌ಬಿಟಿಎಚ್‌ಕೆ ಅನ್ನೋ ಸಂಸ್ಥೆ ಪರೀಕ್ಷಿಸಿ ಕಾಗದ ಕೊಡುತ್ತದೆ. ಕಾಗದ ಇಲ್ಲದ ಕತ್ತಿಗೆ ಎಂಥ ಕಥೆ ಹೇಳಿದರೂ ಬೆಲೆ ಏರೋದಿಲ್ಲ.

ನಮ್ಮದು ತಿರುಗುಮುರುಗು. ಬಾಲ ಅರಗಿನೊಳಗೆ ಮುಚ್ಚಿದೆ, ಕಾಗದ ಇಲ್ಲ, ಕಥೆ ಮಾತ್ರ ಇದೆ.

ಹುಮನಾಬಾದ್ ಪ್ಯಾಸೆಂಜರ್:
ಟಿಪ್ಪು ಸುಲ್ತಾನರ ಕತ್ತಿ ಕೋಟಿಗಟ್ಟಲೆಗೆ ಹೋಯಿತಲ್ಲ? ಕಥೆಗೇ ಅಲ್ವಾ ಆ ದುಡ್ಡು?

ಅರಗು ಬಿಲ್ಲೆ:
2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಅದರ ಜೊತೆ 1799ರಿಂದ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ದಾಖಲೆ ಇತ್ತು. ದುಡ್ಡು ಹೋಗಿದ್ದು ಆ ದಾಖಲೆಗೆ. ಆ ಸುದ್ದಿ ಬಂದಮೇಲೆ ಹೈದರಾಬಾದಿನಲ್ಲಿ ತುಕ್ಕು ಹಿಡಿದ ಕಬ್ಬಿಣಕ್ಕೂ ಬೆಲೆ ಏರಿಸಿದರು, ಅದೊಂದು ಪೀಡೆ.

ಹುಮನಾಬಾದ್ ಪ್ಯಾಸೆಂಜರ್:
ಸರಿ ಬಿಡಿ. ತಮ್ಮಾ, ತಗೊಂಡರೆ ಎಮರಿ ಕಾಗದ ಹಾಕಿ ಪಳಪಳ ಮಾಡಿಬಿಡು, ಹಿಡಿಯೊಳಗೆ ಎಂಸೀಲ್ ತುಂಬಿಬಿಡು. ಅಲ್ಲಾಡೋದಿಲ್ಲ.

ಅರಗು ಬಿಲ್ಲೆ:
ಅಯ್ಯೋ, ದಯವಿಟ್ಟು ಬೇಡ! ಎಮರಿ ಹಾಕಿದರೆ ಅಲೆಯ ಗೆರೆಯೂ ಹೋಗುತ್ತದೆ, ಗುರುತೂ ಹೋಗುತ್ತದೆ. ಎಂಸೀಲ್ ಹಾಕಿದರೆ ಮುಂದೆ ಯಾರೂ ಬಿಚ್ಚೋಕಾಗೋದಿಲ್ಲ. ಅರಗಿನ ಗುಣವೇ ಅದು, ಬಿಸಿ ಮಾಡಿದರೆ ಬಿಡುತ್ತದೆ, ಆರಿದರೆ ಹಿಡಿಯುತ್ತದೆ. ಕೆಂಪು ತುಕ್ಕು ಇದ್ದರೆ ಎಣ್ಣೆ ಹಚ್ಚಿ ಒಂದು ವಾರ ಬಿಟ್ಟು ಬಟ್ಟೆಯಿಂದ ಒರೆಸಿ. ಕಪ್ಪಾಗಿ ಗಟ್ಟಿ ಕೂತದ್ದನ್ನು ಮುಟ್ಟಬೇಡಿ.

ಕುಲುಮೆ ಮನೆಯವ:
ಎಣ್ಣೆ ಅಂದರೆ ಹೊಲಿಗೆ ಮಷಿನ್ ಎಣ್ಣೆ ಸಾಕು. ಅಡುಗೆ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ಮಳೆಗಾಲದಲ್ಲಿ ಚರ್ಮದ ಒರೆಯೊಳಗೆ ಇಡಬೇಡ, ಚರ್ಮ ತೇವ ಎಳೆದು ಅಲಗಿಗೆ ಕೊಡುತ್ತದೆ. ನಿನ್ನ ಕಮಾನ್ ಪಟ್ಟಿ ತಲವಾರಕ್ಕೂ ಇದೇ ಮಾತು. ಮಾರುವ ಮೊದಲು ಒರೆಯಿಂದ ತೆಗೆದು ನೋಡು, ಮೊನೆ ಹತ್ತಿರ ತುಕ್ಕು ಕೂತಿರುತ್ತದೆ.

ಒಡಿಕತ್ತಿ:
ನಾನು ಕೊಡಗಿನವನು, ಸುಮ್ಮನೆ ಓದುತ್ತಿದ್ದೆ. ನಮ್ಮಲ್ಲಿ ಒಡಿಕತ್ತಿ, ಪೀಚೆಕತ್ತಿ ಮನೆತನದ್ದು, ಮಾರೋ ಮಾತೇ ಇಲ್ಲ. ಒಂದು ಪ್ರಶ್ನೆ: ನೀವು ಇದನ್ನೆಲ್ಲ ಊರಿಂದ ಊರಿಗೆ ಕಳಿಸೋದು ಹೇಗೆ? ಕೊರಿಯರ್ ತಗೊಳ್ಳುತ್ತಾರಾ?

ಅರಗು ಬಿಲ್ಲೆ:
ಇಲ್ಲ. ಅಲಂಕಾರದ ಸಾಮಾನು ಅಂತ ಬರೆದು ಕಳಿಸೋರು ಇದ್ದಾರೆ, ಸ್ಕ್ಯಾನ್‌ನಲ್ಲಿ ಸಿಕ್ಕಿ ಗೋದಾಮಿನಲ್ಲೇ ಉಳಿಯುತ್ತದೆ. ಒಬ್ಬರ ಪಾರ್ಸೆಲ್ ಪೊಲೀಸರಿಗೆ ಹೋಗಿ ಬಿಡಿಸಿಕೊಳ್ಳೋಕೆ ವಕೀಲರು ಬೇಕಾಯಿತು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳೂ ಆಯುಧದ ಜಾಹೀರಾತು ತೆಗೆದುಹಾಕುತ್ತವೆ. ಮುಖ ನೋಡಿ ಕೊಡೋದು, ಮುಖ ನೋಡಿ ತಗೊಳ್ಳೋದು. ಮುಂಗಡ ಕಳಿಸಿ ಅಂದವರಿಗೆ ಒಂದು ರೂಪಾಯಿ ಕಳಿಸಬೇಡಿ.

ಯಾದಗಿರಿ ಕರಿಕೋಟು:
ಕೊಡುವಾಗ ಒಂದು ಹಾಳೆ ಬರೆಯಿರಿ. ಮಾರಿದವರ, ಕೊಂಡವರ ಹೆಸರು, ಗುರುತಿನ ಚೀಟಿಯ ಪ್ರತಿ, ಅಲಗಿನ ಉದ್ದ, ತೂಕ, ಫೋಟೋ, ತಾರೀಖು. ಚೌಬಾರಾ ತಮ್ಮಾ, ಇದು ನಿನಗೇ ಜಾಸ್ತಿ ಬೇಕು. ನೀನು ಮಾರಿದ ಕತ್ತಿ ನಾಳೆ ಯಾವುದೋ ಹೊಡೆದಾಟದಲ್ಲಿ ಸಿಕ್ಕರೆ ಕಮ್ಮಾರನನ್ನು ಕೇಳಿ ಪೊಲೀಸರು ಮೊದಲು ನಿನ್ನ ಮನೆಗೇ ಬರುತ್ತಾರೆ. ಗುರುತಿನ ಚೀಟಿ ಕೊಡೋದಿಲ್ಲ ಅಂದವನಿಗೆ ಎರಡು ಪಟ್ಟು ಕೊಟ್ಟರೂ ಮಾರಬೇಡ. 18 ತುಂಬದ ಹುಡುಗರಿಗಂತೂ ಮಾತೇ ಬೇಡ.

ಚೌಬಾರಾ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಸುರಪುರದವರ ಹತ್ತಿರ ಮಾತಾಡಿದೆ. ಗೋಡೆಯಲ್ಲಿ ಸಿಕ್ಕಿದ್ದರೆ ಡಿಸಿಗೆ ತಿಳಿಸಿದ ಕಾಗದ ಇದೆಯಾ ಅಂತ ಕೇಳಿದೆ. ಆಗ ಗೋಡೆ ಹೋಗಿ ಅಜ್ಜನ ಪೆಟ್ಟಿಗೆ ಬಂತು. ಬೆನ್ನಿನ ಫೋಟೋ ಕಳಿಸಿದ್ದಾರೆ, ಅಲೆ ಅಂಚಿಗೆ ಬಂದು ನಿಂತಿದೆ. ಬೆಲೆ ತಾನಾಗೇ ₹20,000ಕ್ಕೆ ಇಳಿದಿದೆ.

ಅರಗು ಬಿಲ್ಲೆ:
ಅಲಗು ಇತ್ತೀಚಿನದ್ದು ಅಂತಾಯಿತು. ಹಿಡಿ ಮಾತ್ರ ನನಗೆ ಫೋಟೋದಲ್ಲಿ ಹಳೇದು ಅನಿಸುತ್ತಿದೆ, ಗೀರಿನ ಕೆಲಸ ಸವೆದ ಕಡೆ ಕಾಣುತ್ತಿದೆ. ಹಳೆ ಹಿಡಿಗೆ ಹೊಸ ಅಲಗು ಕೂರಿಸೋದು ಬಹಳ ನಡೆಯುತ್ತದೆ. ಬರೀ ಹಿಡಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಕೇಳಿ ನೋಡು. ಹಿಡಿಯೊಂದೇ ಆದರೆ ಅಲಗಿನ ತಲೆನೋವೂ ಇಲ್ಲ.

ಚೌಬಾರಾ ಹುಡುಗ:
ಕೇಳುತ್ತೇನೆ. ನನ್ನ ಕಮಾನ್ ಪಟ್ಟಿ ತಲವಾರದ ಬಾಲ ಕೊನೆತನಕ ಒಂದೇ ಉಕ್ಕು ಅಂತ ಕಮ್ಮಾರರು ಹೇಳಿದರು, ಪಟ್ಟಿ ಹಳೇದೇ. ಅದನ್ನೂ ಬರೆದೇ ಮಾರುತ್ತೇನೆ. ಡಿಸಿ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ, ಉತ್ತರ ಬರುವವರೆಗೆ ಎರಡೂ ನಿಲ್ಲಿಸಿದ್ದೇನೆ. ಹಿಡಿ ಸಿಕ್ಕರೆ ಹಳೆ ಅರಗು ತೆಗೆದು ಹೊಸದು ತುಂಬೋಕೆ ಅರಗು ಎಲ್ಲಿ ಸಿಗುತ್ತದೆ?

ಕುಲುಮೆ ಮನೆಯವ:
ಅಕ್ಕಸಾಲಿಗರ ಹತ್ತಿರ ಕೇಳು, ಒಡವೆಯೊಳಗೆ ತುಂಬೋಕೆ ಇಟ್ಟಿರುತ್ತಾರೆ. ಇಲ್ಲದಿದ್ದರೆ ಹೈದರಾಬಾದಿನ ಲಾಡ್ ಬಜಾರ್, ಅರಗಿನ ಬಳೆ ಮಾಡುವವರು. ಇಟ್ಟಿಗೆ ಪುಡಿ ಸ್ವಲ್ಪ ಸೇರಿಸಿ ಕರಗಿಸು, ಬರೀ ಅರಗು ಬೇಸಿಗೆಯಲ್ಲಿ ಮೆತ್ತಗಾಗುತ್ತದೆ.